ಸುಣ್ಣದ ಗೆರೆಯ ಬಾಗಿಲು

ಮಾರ್ಚ್ ೧೪, ಶನಿವಾರ ಸಂಜೆ

ಪ್ರೀತಿಯ ಅಕ್ಕ,

ನಾನು ಕಾಲೇಜು ಬಿಟ್ಟು ಎರಡು ವರ್ಷವಾಯಿತು. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ತಪ್ಪಿಸಿಕೊಂಡದ್ದು ಇದಕ್ಕೇ. ಬರೆದರೆ ಸುಳ್ಳು ಬರೆಯಬೇಕಿತ್ತು. "ನನ್ ತಮ್ಮ ಆರ್ಕಿಟೆಕ್ಟ್ ಆಗ್ತಾನೆ" ಅಂತ ನೀನು ಬೀದಿಗೆಲ್ಲ ಸಾರಿಕೊಂಡು ಬಂದಿದ್ದೀಯ. ಬೈಯುವುದಿದ್ದರೆ ಭಾವನ ಮುಂದೆ ಬೇಡ. ಪಾಪ, ನನ್ನ ಪರ ವಹಿಸಿ ತಾವೂ ಬೈಸಿಕೊಳ್ಳುತ್ತಾರೆ. ಪುಟ್ಟಿಗೆ ಹಲ್ಲು ಬಂತೇ?

ಇಷ್ಟು ದಿನ ನಾನಿದ್ದದ್ದು ನಮ್ಮ ಮೇಡಂ ಹತ್ತಿರ. ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಮನೆಗಳನ್ನೂ ಕಟ್ಟಿಸುತ್ತಾರೆ. ನಾನು ಕಾಲೇಜು ಬಿಟ್ಟ ದಿನ, "ಪರೀಕ್ಷೆ ಬೇಡ ಅಂದ್ರೆ ಬೇಡ ಕಣೋ. ಕೆಲಸ ಕಲಿಯೋಕೆ ಬಾ," ಎಂದು ತಮ್ಮ ಆಫೀಸಿನಲ್ಲಿ ಒಂದು ಮೇಜು ಕೊಟ್ಟರು. ಶನಿವಾರ ವಿದ್ಯಾರ್ಥಿಗಳನ್ನೆಲ್ಲ ಕಟ್ಟಡದ ಜಾಗಕ್ಕೆ ಕರೆತರುತ್ತಾರೆ. ಗೋಡೆ ಏಳುವ ಮೊದಲು ಪ್ರತಿ ಕೋಣೆಯನ್ನೂ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಸುಣ್ಣದಿಂದ ಬರೆಸಿ, ಅದರೊಳಗೆ ಓಡಾಡಿಸುತ್ತಾರೆ. "ಕೂತ್ಕೋ. ಬಕೆಟ್ ಎತ್ತು. ಮೊಣಕೈ ಎಲ್ಲಿ ತಾಗುತ್ತೆ ಹೇಳು." ಪ್ರಿನ್ಸಿಪಾಲರಿಗೆ ಈ ಪಾಠ ಮೊದಲಿಂದಲೂ ಕಣ್ಣುರಿ. "ಹುಡುಗರನ್ನ ಮಣ್ಣಲ್ಲಿ ಆಡಿಸ್ತೀರಲ್ಲಮ್ಮ!" ಅನ್ನುತ್ತಾರೆ.

ಕಳೆದ ವರ್ಷ ಒಂದು ಬಚ್ಚಲುಮನೆ ನನ್ನ ಪಾಲಿಗೆ ಬಂತು. ನಾನೇ ಬರೆದೆ, ನಾನೇ ಓಡಾಡಿ ನೋಡಿದೆ, ಬೀಗಿದೆ. ಆದರೆ ಸುಣ್ಣದ ಗೆರೆಗೆ ಬಾಗಿಲಿನ ಹಲಗೆ ಇರುವುದಿಲ್ಲವಲ್ಲ. ದಾಟಿದರೆ ಒಳಗೆ, ದಾಟಿದರೆ ಹೊರಗೆ. ಬಾಗಿಲು ಒಳಕ್ಕೆ ತೆರೆಯುವಂತೆ ಬರೆದುಬಿಟ್ಟಿದ್ದೆ. ಮನೆ ಎದ್ದು ಅವರು ವಾಸಕ್ಕೆ ಬಂದ ಮೇಲೆ, ಆ ಮನೆಯ ಅಜ್ಜಿ ಒಳಗೆ ಜಾರಿ ಬಾಗಿಲಿಗೇ ಅಡ್ಡಲಾಗಿ ಬಿದ್ದರು. ಹೊರಗಿನವರು ನೂಕಿದಷ್ಟೂ ಅವರಿಗೇ ಒತ್ತುತ್ತಿತ್ತು. ಕೊನೆಗೆ ಬಾಗಿಲನ್ನು ಗರಗಸದಿಂದ ಕೊಯ್ದು ಅವರನ್ನು ಹೊರತೆಗೆದರು. ಸೊಂಟದ ಮೂಳೆ ಮುರಿದಿತ್ತು.

ಅಜ್ಜಿಯ ಮಗ ಕೂಗಾಡುತ್ತ ಬಂದಾಗ ಮೇಡಂ, "ಗೆರೆ ನಂದು," ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲು ತುಳಿದರು. ಅವನು ಹೋದಮೇಲೆ, "ಕಾಲೇಜು ಬಿಟ್ಟವನು ಬರೆದಿದ್ದು ಅಂತ ಪ್ರಿನ್ಸಿಪಾಲರಿಗೆ ಗೊತ್ತಾದ್ರೆ ಶನಿವಾರದ ಪಾಠಕ್ಕೆ ಬೀಗ ಬೀಳುತ್ತೆ. ಆಮೇಲೆ ಈ ಮಕ್ಕಳಿಗೆ ಬರೀ ಕಾಗದವೇ ಗತಿ. ಬಾಯಿ ಮುಚ್ಕೊಂಡಿರು, ನನ್ನಾಣೆ," ಎಂದರು.

ಅಂದಿನಿಂದ ನನ್ನ ಕೈಗೆ ಸುಣ್ಣ ಕೊಟ್ಟಿಲ್ಲ. ಕಿಟಕಿ ಇಲ್ಲದ ಹಿಂದಿನ ಕೋಣೆಯಲ್ಲಿ ರಟ್ಟು ಕತ್ತರಿಸಿ ಪುಟ್ಟ ಪುಟ್ಟ ಮನೆ ಅಂಟಿಸುತ್ತೇನೆ. ಊಟಕ್ಕೆ ಕರೆಯುತ್ತಾರೆ, ಜ್ವರ ಬಂದರೆ ಮಾತ್ರೆ ತಂದುಕೊಡುತ್ತಾರೆ. ಸಿಟ್ಟು ಮಾಡಿಕೊಳ್ಳಲೂ ದಾರಿಯಿಲ್ಲ ಅಕ್ಕ. ಹೇಳಿದರೆ ಅವರ ಪಾಠ ಮುಳುಗುತ್ತದೆ, ಹೇಳದಿದ್ದರೆ ನಾನು.

ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ವಿದ್ಯಾರ್ಥಿಗಳು ಒಂದು ಬಚ್ಚಲುಮನೆ ಬರೆದಿದ್ದರು. ಒಂದು ಪ್ಲೈವುಡ್ ಹಲಗೆ ತಂದು ಬಾಗಿಲಿನ ಗೆರೆಯ ಮೇಲೆ ನಿಲ್ಲಿಸಿ, ಒಬ್ಬಳ ಕೈಗೆ ಕೊಟ್ಟು, ಒಳಗೆ ಹೋಗಿ ಮಲಗಿದೆ.

"ಏನಣ್ಣಾ, ರಾತ್ರಿ ನಿದ್ದೆ ಆಗಿಲ್ವಾ?" ಎಂದು ಯಾರೋ ಕಿಸಕ್ಕೆಂದರು.

"ಬಾಗಿಲು ನೂಕು," ಎಂದೆ. ಹಲಗೆ ನನ್ನ ತಲೆಗೆ ಬಡಿದು ನಿಂತಿತು. "ಅಜ್ಜಿ ಬಿದ್ದಿದ್ದು ಹೀಗೆ. ಆ ಬಾಗಿಲು ಬರೆದವನು ನಾನು, ಮೇಡಂ ಅಲ್ಲ."

ಮೇಡಂ ಅಳತೆಯ ದಾರದ ತುದಿ ಹಿಡಿದು ನಿಂತಿದ್ದರು. ಅದನ್ನು ಸುತ್ತಿಕೊಳ್ಳುತ್ತ, "ಬರ್ಕೊಳ್ಳಿ ಎಲ್ರೂ. ಬಚ್ಚಲ ಬಾಗಿಲು ಹೊರಕ್ಕೆ ತೆರೀಬೇಕು," ಎಂದರು. ನನ್ನ ಕಡೆ ನೋಡಲಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ನಿನ್ನ ಆಶೀರ್ವಾದ ಸಿಟ್ಟು ಇಳಿದ ಮೇಲೆ ಕಳಿಸಿದರೂ ಸಾಕು.

ನಿನ್ನ
ತಮ್ಮ

ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಮಧ್ಯಾಹ್ನ ಮೇಡಂ ಪ್ರಿನ್ಸಿಪಾಲರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಬೆಳಗಿನ ಸುದ್ದಿ ಅಷ್ಟರಲ್ಲೇ ಅವರಿಗೂ ಮುಟ್ಟಿತ್ತು. ಗೋಡೆಯ ಈಚೆ ನಾನಿದ್ದೆ. "ಪಾಠದ್ದೇನೂ ತಪ್ಪಿಲ್ಲ ಸರ್. ಅವನನ್ನ ನಂಬಿದ್ದು ನಂದೇ ತಪ್ಪು." ದನಿಯಲ್ಲಿ ಸಿಟ್ಟಿರಲಿಲ್ಲ ಅಕ್ಕ. ನಕ್ಷೆಯಲ್ಲಿ ಅಳತೆ ತಿದ್ದುವಾಗಿನ ದನಿ ಅದು. ಪಾಠ ಉಳಿಯಬಹುದು, ನನಗಿಲ್ಲಿ ಜಾಗ ಉಳಿದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನು ಇಲ್ಲಿಂದ ಹೊರಡುತ್ತೇನೆ.