ಸ್ಕೋಪಿನ ಎರಡನೇ ಗೆರೆ

ಜೂನ್ ೧೨, ಗುರುವಾರ

ಮಗಳನ್ನು ಕ್ಲಬ್ಬಿನ ಶೂಟಿಂಗ್ ತಂಡದಿಂದ ಕೈಬಿಟ್ಟದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ನೂರು ಮೀಟರಿನ ಆಯ್ಕೆ ಸ್ಪರ್ಧೆಯಲ್ಲಿ ಅವಳ ಗುಂಡುಗಳೆಲ್ಲ ಗುರಿಗಿಂತ ಒಂದು ಗೇಣು ಮೇಲೆ ಬಿದ್ದವು. "ಕೋಚ್ ಹೇಳಿದ ಹಾಗೆ ಎರಡನೇ ಗೆರೆನೇ ಇಟ್ಟಿದ್ದೆ ಅಮ್ಮಾ" ಎಂದು ಅತ್ತಳು. ದೂರ ಹೋದಂತೆ ಗುಂಡು ಕೆಳಗಿಳಿಯುತ್ತದೆ; ಅದಕ್ಕೇ ಸ್ಕೋಪಿನ ನಡುಬಿಂದುವಿನ ಬದಲು ಅದರ ಕೆಳಗಿನ ಗೆರೆಯನ್ನು ಗುರಿಗೆ ಹೊಂದಿಸಿ, ಅಷ್ಟು ಮೇಲಕ್ಕೆ ಹೊಡೆಯುವುದು. ಅವಳ ಜಾಗ ಈಗ ಕೋಚ್ ಅವರ ಅಣ್ಣನ ಮಗಳಿಗೆ.

ಮಧ್ಯಾಹ್ನ ಕ್ಲಬ್ಬಿಗೆ ಹೋಗಿ, ನೂರು ಮೀಟರ್ ಆಚೆ ಅಳತೆಪಟ್ಟಿ ನಿಲ್ಲಿಸಿ, ಅದೇ ರೈಫಲ್ಲಿನ ಸ್ಕೋಪಿನಲ್ಲಿ ನೋಡಿದೆ. ಜೂಮ್ ಹನ್ನೆರಡರಲ್ಲಿದ್ದಾಗ ಗೆರೆಯಿಂದ ಗೆರೆಗೆ ಹತ್ತು ಸೆಂಟಿಮೀಟರ್, ಕೋಚ್ ಹೇಳಿದ ಗೆರೆಗೆ ಸರಿಯಾದ ಲೆಕ್ಕ. ಆರಕ್ಕೆ ಇಳಿಸಿದರೆ ಇಪ್ಪತ್ತು. ಎರಡನೇ ಗೆರೆ ಹೊತ್ತಿಗೆ ಇಪ್ಪತ್ತರ ಬದಲು ನಲವತ್ತು; ತಪ್ಪು ಹೆಚ್ಚುಕಡಿಮೆ ಒಂದು ಗೇಣು. ಮಗಳು ಹೇಳಿದ ಪ್ರಕಾರ, ಅವತ್ತು ಕೋಚ್ ರೈಫಲ್ ಕೈಗೆ ಕೊಟ್ಟಾಗ ಜೂಮ್ ಆರರಲ್ಲಿತ್ತು; ಅವಳು ಅದನ್ನು ಮುಟ್ಟಲೇ ಇಲ್ಲವಂತೆ.

ಜೂಮ್ ಬದಲಾದರೆ ಗೆರೆಯ ಲೆಕ್ಕವೂ ಬದಲಾಗುವುದಿಲ್ಲವೇ ಎಂದು ಕೋಚ್ ಅವರನ್ನು ಕೇಳಿಯೇಬಿಟ್ಟೆ.

"ಅಯ್ಯೋ ಮೇಡಂ, ಗೆರೆ ಅಂದ್ರೆ ಗೆರೆ, ಜೂಮ್ ಎಷ್ಟಿದ್ರೇನು? ಮಕ್ಕಳು ಸೋತ್ರೆ ಅಮ್ಮಂದಿರಿಗೆ ಬಂದೂಕೇ ಸರಿ ಇರಲ್ಲ" ಎಂದು ನಕ್ಕರು.

ಇದು ಬರೀ ತಾಯಿಯ ಅನುಮಾನವೇ? ಅವರಿಗೆ ನಿಜವಾಗಿ ತಿಳಿಯದೆಯೂ ಇರಬಹುದು. ಹಾಗೆಂದುಕೊಂಡೇ ಬ್ಯಾಗ್ ಎತ್ತಿಕೊಂಡೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವರು ತಮ್ಮ ಅಭ್ಯಾಸಕ್ಕೆಂದು ಬೋರಲು ಮಲಗುತ್ತಿದ್ದರು. ಕೆನ್ನೆ ರೈಫಲ್ಲಿಗೆ ತಾಗುವ ಮೊದಲೇ ಅವರ ಕೈ ಜೂಮಿನ ಉಂಗುರವನ್ನು ಹನ್ನೆರಡಕ್ಕೆ ತಿರುಗಿಸಿತು.