ಬಾಗಿಲ ಮೇಲಿನ ಮೆಣಸಿನ ಬಳ್ಳಿ

ಹೊಸನಗರ
೧೪-೩-೧೯೬೬

ಸಾಗರದ ದಾರಿಯ ಹೊಸ ಇಗರ್ಜಿಯ ಫಾದರ್ ಅವರಿಗೆ ಬಡಗಿ ಸೂರಾಚಾರಿಯ ಹೆಂಡತಿ ಕಾಳಮ್ಮ ಮಾಡುವ ನಮಸ್ಕಾರಗಳು.

ಮುಳುಗಿದ ನಮ್ಮೂರಿನ ಇಗರ್ಜಿಯಿಂದ ನೀವು ತಂದು ನಿಲ್ಲಿಸಿದ ಹಳೇ ಬಾಗಿಲನ್ನು ಕೆತ್ತಿದವರು ನಮ್ಮ ಯಜಮಾನರು. ಅದರ ಮೇಲಿರುವುದು ದ್ರಾಕ್ಷಿಯಲ್ಲ, ಕಾಳುಮೆಣಸು ಎಂದು ಈಗ ಹೆರೆಸಿ ಬೇರೆ ಕೆತ್ತಿಸುತ್ತೀರಂತೆ. ತಪ್ಪು ನಿಜ. ಅಂದಿನ ಫಾದರ್ ದ್ರಾಕ್ಷಿಯನ್ನೇ ಹೇಳಿದ್ದರು.

"ದ್ರಾಕ್ಷಿ ಬಳ್ಳಿ ನಾನು ಕಂಡಿಲ್ಲ, ಮೆಣಸಿನ ಬಳ್ಳಿ ದಿನಾ ಕಾಣ್ತೀನಿ" ಅಂದರು ಇವರು.

ಫಾದರ್ ನಕ್ಕು, "ಇರ್ಲಿ ಬಿಡಿ ಆಚಾರ್ರೇ, ದೇವ್ರಿಗೆ ಎರಡೂ ಗೊತ್ತು" ಅಂದಿದ್ದರು.

ಅದು ನಮ್ಮ ಅಂಗಳದ ಹಲಸಿನ ಮರಕ್ಕೆ ಹಬ್ಬಿದ್ದ ಬಳ್ಳಿ. ಬಲಗಡೆಯ ಕದದ ಕೆಳಗೆ ಒಂದು ಎಲೆಗೆ ತೂತಿದೆ. ಹುಳ ತಿಂದದ್ದನ್ನು ಕಂಡ ಹಾಗೆಯೇ ಕೆತ್ತಿದ್ದಾರೆ. ಈಗ ಇವರಿಲ್ಲ. ಮನೆ, ಅಂಗಳ, ಆ ಮರ ಎಲ್ಲವೂ ಲಿಂಗನಮಕ್ಕಿಯ ನೀರಿನಡಿ ಹೋದವು.

ಹೆರೆಸಬೇಡಿ ಎನ್ನಲು ನಾನು ನಿಮ್ಮ ಮತದವಳಲ್ಲ. ಉಳಿ ಇಡುವ ಮುನ್ನ ಒಂದು ಕಾರ್ಡು ಹಾಕಿ. ಬೆಳಗಿನ ಬಸ್ಸಿಗೆ ಬಂದು, ಬಳ್ಳಿಯನ್ನೊಮ್ಮೆ ಮುಟ್ಟಿ ಹೋಗುತ್ತೇನೆ. ಒಳಗೆ ಬರುವುದಿಲ್ಲ. ನನ್ನ ಅಂಗಳ ಬಾಗಿಲ ಹೊರಮೈಯಲ್ಲೇ ಇದೆ.

ನಿಮ್ಮ ಕಾರ್ಡಿನ ದಾರಿ ನೋಡುವ,
ಕಾಳಮ್ಮ