ಕೌದಿಯ ಹೊಟ್ಟೆಗೆ ಶೇಂಗಾ ಹೋಳಿಗೆ

ಶಹಾಬಾದ
೨ ಫೆಬ್ರುವರಿ ೨೦೨೫

ಅವ್ವನಿಗೆ ಬಸವೇಶ್ವರಿಯ ಶರಣು.

ನೀನು, ಅಣ್ಣ, ವೈನಿ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಸಂಕ್ರಾಂತಿಗೆ ದಂಡೋತಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಆಮೇಲೆ ಎರಡು ವಾರ ಫೋನನ್ನೂ ಮಾಡಲಿಲ್ಲ. ತಪ್ಪು ನನ್ನದೇ. ಈಗಲೂ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ, ಯಾಕೆಂದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದದ್ದನ್ನು ವೈನಿ ನಿನ್ನ ಕಿವಿಯಲ್ಲಿ ಕೂಗಿ ಹೇಳಬೇಕು. ನನ್ನ ಒತ್ತಕ್ಷರಗಳನ್ನು ನೋಡಿ ನಗಬೇಡ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವಳು ನೀನೇ.

ಸುದ್ದಿ ಏನೆಂದರೆ, ನಾನು ಕೌದಿ ಹೊಲಿದೆ. ಸಣ್ಣದೇ, ಕೂಸಿನ ಕೌದಿ. ಆದರೆ ಅಂಚಿನಿಂದ ಹೊಟ್ಟೆಯವರೆಗೆ ಪೂರಾ ನನ್ನ ಕೈಯದು. ನೀನು ಕನ್ನಡಕ ಒರೆಸಿಕೊಂಡು ಈ ಸಾಲನ್ನು ಇನ್ನೊಮ್ಮೆ ಓದುತ್ತೀಯೆಂದು ನನಗೆ ಗೊತ್ತು.

ನಮ್ಮ ಪಕ್ಕದ ಮನೆಯ ಜಾನಬಿ ಖಾಲಾ ನಿನಗೆ ನೆನಪಿರಬೇಕು. ಅವರ ಸಣ್ಣ ಮಗಳು ಮಹೆವಿಶ ಡಿಸೆಂಬರಿನಲ್ಲಿ ಇಲ್ಲೇ ತವರಿನಲ್ಲಿ ಹಡೆದಳು. ಗಂಡು ಕೂಸು. ಕೂಸು ಹುಟ್ಟಿದ ಮೂರನೆಯ ದಿನ ಖಾಲಾ ಅಂಗಳದ ಒದ್ದೆ ಪರಸಿ ಕಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡರು. ನೋಡಲು ಹೋದರೆ ಅವರು ಕೈಯ ನೋವಿಗೆ ಅಳುತ್ತಿರಲಿಲ್ಲ, ಕೌದಿಗೆ ಅಳುತ್ತಿದ್ದರು. ನಲವತ್ತನೆಯ ದಿನದ ಸ್ನಾನವಾದ ಮೇಲೆ ಚಿಂಚೋಳಿ ಹತ್ತಿರದ ಚಂದಾಪುರದಿಂದ ಬೀಗರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವವರು. ಆಗ ಕೂಸಿನ ಜೊತೆ ಅಜ್ಜಿ ಹೊಲಿದ ಕೌದಿ ಹೋಗಬೇಕು.

“ದೊಡ್ಡ ಹೆಣ್ಮಕ್ಕಳಿಬ್ಬರಿಗೂ ಹೊಲದು ಕೊಟ್ಟೀನಿ ಮೇಡಂ. ಈಕಿಗೆ ಬಜಾರದ್ದು ಕೊಟ್ರ, ಬಾಯಿಲೆ ಏನೂ ಅನ್ನಂಗಿಲ್ಲ. ಮನಸಿನ್ಯಾಗ ಏನು ಇಟಗೋತಾಳ?” ಎಂದರು.

“ನಾ ಹೊಲೀತೀನಿ ಖಾಲಾ” ಎಂದುಬಿಟ್ಟೆ. ಮಹೆವಿಶ, ಅವಳ ಅಕ್ಕಂದಿರು, ಓಣಿಯ ನಾಲ್ಕು ಮಂದಿ ಎಲ್ಲರೂ ಇದ್ದರು. ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವವಳು ಆ ಮಾತು ಹೇಗೆ ಕೊಟ್ಟೆನೋ. ಹೊಗಳಿಕೆಯ ಆಸೆಯೋ, ಕನಿಕರವೋ ಎಂದು ಆಮೇಲೆ ಬಹಳ ಸಲ ಕೇಳಿಕೊಂಡೆ. ಎರಡೂ ಅಲ್ಲವೆಂದು ಈಗ ಅನಿಸುತ್ತದೆ.

ಮೊದಲಿನ ಕೌದಿಯ ಕಥೆ ಕೇಳು. ಮೊಬೈಲಿನಲ್ಲಿ ಹತ್ತು ವಿಡಿಯೋ ನೋಡಿದೆ. ಕೂಸಿಗೆ ಸ್ವಚ್ಛ ಇರಲಿ ಎಂದು ಅಂಗಡಿಯಿಂದ ಹೊಸ ಕಾಟನ್ ತಂದೆ. ಸ್ಕೇಲ್ ಇಟ್ಟು ಗೆರೆ ಎಳೆದು, ಕತ್ತರಿಯಿಂದ ಐದೈದು ಇಂಚಿನ ಚೌಕ ಕತ್ತರಿಸಿ, ವಿಡಿಯೋದವರು ಹೇಳಿದಂತೆ ನಡುವಿನಿಂದ ಹೊಲಿಯುತ್ತ ಹೊರಗೆ ಬಂದೆ. ಹನ್ನೊಂದು ದಿನ ಹಿಡಿಯಿತು. ನೆಲಕ್ಕೆ ಹಾಸಿದರೆ ನಾಲ್ಕೂ ಮೂಲೆ ಎದ್ದು ನಿಂತವು, ಕರಿದ ಹಪ್ಪಳದ ಹಾಗೆ.

ಖಾಲಾ ಅದರ ಸುತ್ತ ಒಂದು ಸುತ್ತು ಬಂದರು. “ಮೇಡಂ, ಇದು ಕೌದಿಯೋ, ಹೊಲದ ನಕಾಶಾನೋ? ಹದ್ದು ಹಾಕಿ ಗೆರಿ ಹೊಡದೀರಿ.” ಅಂಗೈಯಿಂದ ಸವರಿ ನೋಡಿದರು. “ಹೊಸಾ ಅರಿವಿ ಕೂಸಿಗೆ ಚುಚ್ಚತದ. ಬಿಚ್ಚಿ ಹಾಕ್ರಿ.”

“ಎಲ್ಲಾನೂ?”

“ಮತ್ತೇನು, ನಾಕು ಮಾರ್ಕು ಕೊಟ್ಟು ಪಾಸ್ ಮಾಡಲೇನು?”

ಶಾಲೆಯಲ್ಲಿ ಹದಿನೆಂಟು ವರ್ಷ ಮಕ್ಕಳ ನೋಟುಬುಕ್ಕುಗಳಿಗೆ ಕೆಂಪು ಶಾಯಿ ಹಾಕಿದವಳಿಗೆ ಅದು ಹೇಗೆ ತಾಗಿತೆಂದು ನಿನಗೆ ಹೇಳಬೇಕಿಲ್ಲ. ಮನೆಗೆ ಬಂದು ಒಂದು ದಿನ ಸೂಜಿ ಮುಟ್ಟಲಿಲ್ಲ. ಮಾತು ಹಿಂದಕ್ಕೆ ತೆಗೆದುಕೊಳ್ಳಲು ನೆವಗಳನ್ನೂ ಯೋಚಿಸಿದೆ, ಕಣ್ಣು ನೋವು, ಪರೀಕ್ಷೆ, ಮನೆಗೆ ನೆಂಟರು. ಮಾರನೆಯ ದಿನ ಹೋಗಿ ಅವರ ಟ್ರಂಕಿನ ಮುಂದೆ ಕುಳಿತೆ.

ಅದರೊಳಗಿಂದ ಖಾಲಾ ತಮ್ಮ ತಾಯಿಯ ಸೀರೆ, ತೀರಿಹೋದ ಗಂಡನ ಲುಂಗಿ, ಮಹೆವಿಶಳ ಶಾಲೆಯ ನೀಲಿ ಫ್ರಾಕು ತೆಗೆಸಿದರು. ಕತ್ತರಿ ಮುಟ್ಟಲು ಬಿಡಲಿಲ್ಲ. “ಕೈಲೆ ಹರೀರಿ. ಹಳೀ ಅರಿವಿಗೆ ತನ್ನ ದಾರಿ ಗೊತ್ತಿರತದ.” ಹರಿದೆ. ನೂಲಿನ ಗುಂಟ ನೆಟ್ಟಗೆ ಹರಿಯಿತು, ಸ್ಕೇಲು ಇಟ್ಟಾಗಲೂ ಅಷ್ಟು ನೆಟ್ಟಗೆ ಬಂದಿರಲಿಲ್ಲ. ಆಮೇಲೆ ಅಂಚಿನಿಂದ ಶುರು ಮಾಡಿ, ಸುತ್ತುತ್ತ ಸುತ್ತುತ್ತ ಒಳಗೆ ಹೋಗುವುದು. ಖಾಲಾ ಮಂಚದ ಮೇಲೆ ಪಟ್ಟಿಯ ಕೈ ದಿಂಬಿಗಿಟ್ಟು ಕುಳಿತು, ಎಡಗೈಯ ಬೆರಳಿಂದ ತೋರಿಸುವರು. ಹೊಲಿಗೆಯ ಟಾಕಿ ದೊಡ್ಡದಾದರೆ “ಎತ್ತಿನ ಗಾಡಿ ಹೋಗತದ ಇದರಾಗ” ಅನ್ನುವರು. ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಹೋಗುತ್ತಿದ್ದೆ. ನಿನ್ನ ಅಳಿಯ ತಾವೇ ಅನ್ನ ಬೇಯಿಸಿಕೊಂಡು, “ನಮ್ಮ ಮನಿಗೂ ಆಗಾಗ ಬರ್ರಿ ಮೇಡಂ” ಎಂದು ಚೇಷ್ಟೆ ಮಾಡಿದರು. ಸಂಕ್ರಾಂತಿ ಹೋದದ್ದು ಹೀಗೆ.

ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯಿತು. ಅದು ಕೌದಿಯ ಹೊಟ್ಟೆ. ಅದನ್ನು ಖಾಲಿ ಮುಚ್ಚಬಾರದು, ಕೌದಿ ಉಪವಾಸ ಇದ್ದರೆ ಹೊದ್ದವರೂ ಉಪವಾಸ ಬೀಳುತ್ತಾರೆ, ಏನಾದರೂ ತಿನ್ನುವುದು ಇಟ್ಟು ಹೊಲಿಯಬೇಕೆಂದು ಖಾಲಾ ಹೇಳಿದ್ದರು. ಆ ಶನಿವಾರ ಅವರು ಕೂಸಿಗೆ ಸೂಜಿ ಹಾಕಿಸಲು ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದರು. ಕೌದಿಯನ್ನು ನಾನು ಮನೆಗೆ ತಂದಿದ್ದೆ. ಕೂಸಿನದಲ್ಲವೇ, ಸಿಹಿಯೇ ಇರಲಿ ಎಂದು ಡಬ್ಬಿಯಲ್ಲಿದ್ದ ಸಂಕ್ರಾಂತಿಯ ಶೇಂಗಾ ಹೋಳಿಗೆ ಒಂದು ತುಂಡು ಮುರಿದು ಇಟ್ಟೆ. ತುಪ್ಪವನ್ನೂ ಸವರಿದೆ ಅವ್ವ. ಕೊನೆಯ ಟಾಕಿ ಹಾಕಿ, ಗಂಟು ಕಟ್ಟಿ, ಹಲ್ಲಿನಿಂದ ದಾರ ಕಡಿದೆ. ಎಂ.ಎ. ಪಾಸಾದ ದಿನವೂ ಅಷ್ಟು ಹಿಗ್ಗಿರಲಿಲ್ಲ.

ರವಿವಾರ ಬೆಳಿಗ್ಗೆ ನೋಡಿದರೆ ಗೋಡೆಯಿಂದ ಕೌದಿಯ ಹೊಟ್ಟೆಯವರೆಗೆ ಇರುವೆಗಳ ಸಾಲು. ಕೆಂಪು ಇರುವೆ. ಬೀಗರು ಬರುವುದು ಮಂಗಳವಾರ. ಕೌದಿಯನ್ನು ಎತ್ತಿಕೊಂಡು ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದೆ. ಮಹೆವಿಶ ನೋಡಿ ಬಾಣಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆಂಟಿ, ನನ್ನ ಮಗನಕಿಂತಾ ಮೊದಲ ಇವು ಬಂದು ಮಲಗ್ಯಾವ.”

ಖಾಲಾ ನಗಲಿಲ್ಲ. “ಜೋಳದ ಕಾಳು ಇಡತಾರ ಮೇಡಂ, ಇಲ್ಲಾ ಕಟಕ ರೊಟ್ಟಿ ಚೂರು. ತುಪ್ಪ ಹಚ್ಚಿ ಹೋಳಿಗಿ ಇಟ್ಟಾಕಿ ನೀವೊಬ್ಬರೇ” ಎಂದವರು ಎಡಗೈಯಿಂದ ಒಂದು ಇರುವೆ ಕೊಡವಿ, “ಹೇಳದೆ ಹೋಗಿದ್ದು ನಂದೂ ತಪ್ಪು” ಎಂದರು.

ಹೊಟ್ಟೆ ಬಿಚ್ಚಿದೆವು, ಕೊಡವಿದೆವು, ತೊಳೆದೆವು. ಇಡೀ ದಿನ ಬಿಸಿಲಿಗೆ ಹಾಕಿ ನಾನು ಪಕ್ಕದಲ್ಲೇ ಕಾವಲು ಕುಳಿತೆ. ತೊಳೆದರೆ ಬಣ್ಣ ಬಿಟ್ಟೀತು, ಮೂಲೆ ಎದ್ದೀತು ಎಂದು ಜೀವ ಕೈಯಲ್ಲಿತ್ತು. ಏನೂ ಆಗಲಿಲ್ಲ. ಮೊದಲಿಗಿಂತ ಮೆತ್ತಗಾಯಿತು. ಸೋಮವಾರ ಐದು ಕಾಳು ಬಿಳಿ ಜೋಳ ಇಟ್ಟು ಮುಚ್ಚಿದೆ.

ಮಂಗಳವಾರ ಬಂದ ಬೀಗತಿ ಕೌದಿ ಕೈಗೆ ಬಂದ ಕೂಡಲೇ ತಿರುವಿ ಹಾಕಿದರು. ಮುಖ ನೋಡಲಿಲ್ಲ, ಬೆನ್ನು ನೋಡಿದರು. ಬೆರಳಿಂದ ಟಾಕಿಗಳ ಸಾಲು ಹಿಡಿದು ಮೂಲೆಯಿಂದ ಹೊಟ್ಟೆಯವರೆಗೂ ಹೋದರು. ನಾನು ಚಹಾದ ಬಶಿ ಹಿಡಿದು ನಿಂತವಳು ನಿಂತೇ ಇದ್ದೆ.

“ಜಾನಬಿ, ಕೈ ಮುರಕೊಂಡಿ ಅಂದಿದ್ರು. ಇದ ಯಾವಾಗ ಹೊಲದಿ?”

ಅಷ್ಟು ಸಾಕಿತ್ತು ನನಗೆ. ಖಾಲಾ ಹೂಂ ಅಂದುಬಿಟ್ಟಿದ್ದರೂ ನನಗೆ ಬೇಸರವಿರುತ್ತಿರಲಿಲ್ಲ, ನಿಜವಾಗಿ. ಆದರೆ ಅವರು ಅನ್ನಲಿಲ್ಲ. “ಅರಿವಿ ನಂದು, ಬೈಗಳಾ ನಂದು. ಕೈ ನಮ್ಮ ಮೇಡಮ್ಮರದು.”

ಬೀಗತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇಂಗ್ಲಿಷ್ ಕಲಸೋ ಮೇಡಮ್ಮರಾ? ಚಂದಾಪುರಕ್ಕ ಬರ್ರಿ, ನಮ್ಮ ಟ್ರಂಕಿನ್ಯಾಗೂ ಅರಿವಿ ಭಾಳ ಅವ.” ಕೌದಿ ಹಾಸಿ ಕೂಸನ್ನು ಮಲಗಿಸಿದರು. ಅದು ನನ್ನ ಕಡೆ ನೋಡಿ, ಕೈಕಾಲು ಬಡಿದು, ಉಚ್ಚೆ ಹೊಯ್ದಿತು. “ಆತು, ಪಾಸ್” ಎಂದರು ಖಾಲಾ. ಕಾರು ಓಣಿ ದಾಟುವವರೆಗೂ ನಾನು ನಗುತ್ತಲೇ ಇದ್ದೆ.

ಆ ಕೂಸಿಗೂ ನನ್ನ ಮಗಳು ಪ್ರೀತಿಗೂ ನಿನ್ನ ಹರಕೆ ಇರಲಿ. ಪ್ರೀತಿ ಪರೀಕ್ಷೆ ಮುಗಿಸಿ ಮಾರ್ಚಿನಲ್ಲಿ ಬರುತ್ತಾಳೆ. ನಿನ್ನ ಮೊಣಕಾಲಿನ ಎಣ್ಣೆ ಮುಗಿದಿದ್ದರೆ ಅಣ್ಣನ ಕಡೆ ಹೇಳಿಸು. ಬಸವಣ್ಣ ನಿನ್ನನ್ನು ಆರಾಮ ಇಡಲಿ.

ನಿನ್ನ ಮಗಳು
ಬಸವೇಶ್ವರಿ

ತಾ.ಕ.: ಇದನ್ನು ವೈನಿಯಿಂದ ಓದಿಸಬೇಡ, ನೀನೇ ಓದು. ವೈನಿಯ ಇಬ್ಬರು ಮಕ್ಕಳಿಗೂ ನೀನು ಕೌದಿ ಹೊಲಿದೆ. ಪ್ರೀತಿ ಹುಟ್ಟಿದಾಗ ಕಲಬುರಗಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಗುಲಾಬಿ ಬ್ಲಾಂಕೆಟ್ ತಂದು, “ನೀ ಕಲ್ತಾಕಿ, ಹಳೀ ಅರಿವಿ ನಿನಗ್ಯಾಕ” ಎಂದೆ. ನಾನು ‘ಥ್ಯಾಂಕ್ಯೂ ಅವ್ವ’ ಎಂದೆ. ನಮ್ಮ ಮನೆಯಲ್ಲಿ ಅವ್ವನಿಗೆ ಯಾರೂ ಥ್ಯಾಂಕ್ಯೂ ಅನ್ನುವುದಿಲ್ಲ. ನೀನು ಒಂದು ಗಳಿಗೆ ನನ್ನ ಮುಖ ನೋಡಿ ಎದ್ದು ಹೋದೆ. ಇಪ್ಪತ್ತೊಂದು ವರ್ಷ ಆಯಿತು. ನಾನು ಹಳೆಯ ಅರಿವೆಗೆ ನಾಚುತ್ತೇನೆಂದು ನಿನಗೆ ಯಾವಾಗ ಅನಿಸಿತು? ನಾನೇ ಏನಾದರೂ ಅಂದಿದ್ದೆನೇ? ಅಂದಿದ್ದರೆ ನೆನಪಿಲ್ಲ, ಹೇಳು. ಬರುವ ಶನಿವಾರ ಬರುತ್ತೇನೆ. ನೀನು ಉಟ್ಟು ಮೆತ್ತಗಾದ ಎರಡು ಸೀರೆ ತೆಗೆದಿಡು. ಕೊಡಲು ಮನಸ್ಸಿಲ್ಲದಿದ್ದರೆ ಇಡಬೇಡ. ಆದರೆ ಅದನ್ನೂ ನನ್ನೆದುರು ಕುಳಿತೇ ಹೇಳು.